ನೊರೆ ಸತ್ತ ವಾರ

"ಕನ್ನಡದಲ್ಲಿ ಓದಿ ಹೇಳಿ ಸರ್," ಎಂದಳು ಯಶೋದಮ್ಮ.

ನಿತೀಶ್ ಕಾಗದವನ್ನು ಅವಳ ಕಡೆಗೆ ತಿರುಗಿಸಿ ಇಟ್ಟಿದ್ದ. ಅದರ ಮೇಲೆ ಕ್ಯಾಪು ತೆಗೆದ ಪೆನ್ನನ್ನೂ ಇಟ್ಟಿದ್ದ. ಪೆನ್ನು ನೋಡಿದ ಕೂಡಲೇ ಈ ಹೆಂಗಸು ಸೈನು ಗೀಚಿ ಎದ್ದು ಹೋಗುತ್ತಾಳೆ, ಓದಿ ಹೇಳುವ ಪ್ರಮೇಯವೇ ಬರುವುದಿಲ್ಲ ಅಂದುಕೊಂಡಿದ್ದನೋ ಏನೋ.

"ಅದ್ರಲ್ಲಿ ಏನಿಲ್ಲ ಯಶೋದಮ್ಮ. ಫಾರ್ಮಾಲಿಟಿ. ನಾಳೆ ಕ್ಲೈಂಟ್ ಕಡೆಯವ್ರು ಬರ್ತಿದಾರೆ, ಟೆಸ್ಟ್ ಯಾಕೆ ಫೇಲ್ ಆಯ್ತು ಅಂತ ಒಂದು ಕಾರಣ ತೋರಿಸ್ಬೇಕು."

"ಏನಿಲ್ಲ ಅಂದ್ರೆ ಓದಿ."

ಅವನು ಗಂಟಲು ಸರಿಮಾಡಿಕೊಂಡ. ಕಾಗದ ನೋಡಿದ, ಗಾಜಿನ ಕ್ಯಾಬಿನ್ನಿನ ಆಚೆ ನೋಡಿದ. "ಅಂದ್ರೆ... ಟೆಸ್ಟ್ ಮಾಡೋ ಸ್ಟಾಫ್‌ದು ಪರ್ಸನಲ್ ಹೈಜೀನ್ ಸರಿ ಇಲ್ದೆ, ತಲೆ ಎಣ್ಣೆ, ಕೈ ಎಣ್ಣೆ ತೊಟ್ಟಿಗೆ ಸೇರಿ, ನೊರೆ ನಿಲ್ಲಲಿಲ್ಲ ಅಂತ. ಅಷ್ಟೇ."

"ಹೈಜೀನ್ ಅಂದ್ರೆ?"

"ಶುಚಿ... ಕ್ಲೀನ್ ಆಗಿರೋದು."

"ಆ ಸ್ಟಾಫ್ ಯಾರು?"

"ಕೆಳಗೆ ನಿಮ್ಮ ಹೆಸರಿದೆ."

ಅಷ್ಟೇ ಅಂತೆ. ಹತ್ತೊಂಬತ್ತು ವರ್ಷ ಒಂದೇ ಮೆಷಿನ್ನಿನ ಮುಂದೆ ನಿಂತು ನೊರೆ ಎಳೆದವಳಿಗೆ, ಎಂಟು ತಿಂಗಳ ಹಿಂದೆ ಬಂದು ಕುರ್ಚಿಯಲ್ಲಿ ಕೂತವನು, ನೀನು ಕೊಳಕು ಅಂತ ಇಂಗ್ಲಿಷಿನಲ್ಲಿ ಬರೆದು ರುಜು ಕೇಳುತ್ತಾನೆ, ಮೇಲೆ ಅಷ್ಟೇ ಅನ್ನುತ್ತಾನೆ. ಯಶೋದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಈ ನಿತೀಶ ಸ್ಕೂಲ್ ಬ್ಯಾಗು ಹೊತ್ತುಕೊಂಡು ಶೆಡ್ಡಿಗೆ ಬಂದು, "ಯಶೋದಕ್ಕ, ಸೋಪಿನ ನೀರು ತೋರ್ಸಿ" ಎಂದು ಅವಳ ಸೆರಗು ಜಗ್ಗುತ್ತಿದ್ದ ಹುಡುಗ. ಆಗ ಇವಳ ಕೈ ಚೆನ್ನಾಗಿತ್ತು.

ಗರುಡಾಚಾರ್‌ಪಾಳ್ಯದ ಹಿಂದಿನ ರಸ್ತೆಯಲ್ಲಿ, ಎರಡು ಗಾಜಿನ ಕಟ್ಟಡಗಳ ನಡುವೆ ಸಿಕ್ಕಿಕೊಂಡಿರುವ ತಗಡಿನ ಶೆಡ್ಡೇ ಈ ಲ್ಯಾಬು. ಗಣಿಗಳಿಂದ ಇಲ್ಲಿಗೆ ಮೂಟೆಗಳಲ್ಲಿ ಅದಿರು ಬರುತ್ತದೆ. ಅದನ್ನು ಹಿಟ್ಟಿನ ಹಾಗೆ ಅರೆದು, ಸಣ್ಣ ತೊಟ್ಟಿಯ ನೀರಿಗೆ ಹಾಕಿ, ನಾಲ್ಕಾರು ಹನಿ ರಸಾಯನ ಬಿಟ್ಟು, ನಡುವೆ ಇಳಿಬಿಟ್ಟ ಕೊಳವೆಯಿಂದ ತಳಕ್ಕೆ ಗಾಳಿ ಬಿಡುತ್ತಾರೆ. ಗುಳ್ಳೆಗಳು ಏಳುತ್ತವೆ. ತಾಮ್ರದ ಕಣ ಗುಳ್ಳೆ ಹಿಡಿದುಕೊಂಡು ಮೇಲೆ ಬರುತ್ತದೆ, ಬರೀ ಕಲ್ಲಿನ ಪುಡಿ ತಳದಲ್ಲೇ ಉಳಿಯುತ್ತದೆ. ಮೇಲೆ ಕಟ್ಟಿದ ನೊರೆಯನ್ನು ಅಂಗೈಯಗಲದ ಹಲಗೆಯಿಂದ ತಟ್ಟೆಗೆ ಎಳೆದುಕೊಳ್ಳಬೇಕು, ಹತ್ತು ಸೆಕೆಂಡಿಗೊಂದು ಸಲ, ಎಂಟು ನಿಮಿಷ. ಹೆಚ್ಚು ಆಳಕ್ಕೆ ಹಾಕಿದರೆ ಕಲ್ಲೂ ಬರುತ್ತದೆ, ಮೇಲೆ ಮೇಲೆ ಸವರಿದರೆ ತಾಮ್ರ ಉಳಿದುಹೋಗುತ್ತದೆ. ಗಣಿಯವರು ಅಲ್ಲಿ ಕಾರ್ಖಾನೆ ಕಟ್ಟಬೇಕೋ ಬೇಡವೋ ಎಂಬುದು ಈ ಕೈಯಳತೆಯ ಮೇಲೆ ನಿಂತಿರುತ್ತದೆ.

ಆ ಕೈಯಳತೆ ಕಲಿಸಿದವರು ಖಾದರ್ ಸಾಬರು. ಚಿನ್ನದ ಗಣಿಯಲ್ಲಿ ಕೆಮಿಸ್ಟಾಗಿದ್ದು ನಿವೃತ್ತರಾಗಿ ಬಂದು, ಮುನಿಆಂಜನಪ್ಪನವರ ಹೊಲದ ಮೂಲೆಯಲ್ಲಿ ಈ ಲ್ಯಾಬು ನಿಲ್ಲಿಸಿದವರು. ನಿತೀಶನ ಅಪ್ಪ ಮುನಿಆಂಜನಪ್ಪ ಯಜಮಾನ, ಖಾದರ್ ಸಾಬರು ಉಸ್ತುವಾರಿ. ಪಾತ್ರೆ ತೊಳೆಯಲು ಬಂದ ಯಶೋದಮ್ಮನಿಗೆ ಸಾಬರು ಮೊದಲ ದಿನ ಹೇಳಿದ್ದು ಎಣ್ಣೆಯ ವಿಚಾರವೇ. "ಈ ಕೆಲಸಕ್ಕೆ ಎಣ್ಣೆ ವಿಷ. ಒಂದು ಹನಿ ಬಿದ್ರೆ ಗುಳ್ಳೆ ಒಡೆದೋಗುತ್ತೆ. ತಾಮ್ರಾನೂ ಹಿಡ್ಕೊಳುತ್ತೆ, ಕಲ್ಲನ್ನೂ ಹಿಡ್ಕೊಳುತ್ತೆ, ಯಾವುದು ಯಾವುದು ಅಂತ ಗೊತ್ತಾಗದ ಹಂಗೆ ಮಾಡುತ್ತೆ." ಆಮೇಲೆ ಒಂದು ಗಾಜಿನ ಲೋಟ ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದರು. ಗಾಜು ಶುದ್ಧವಾಗಿದ್ದರೆ ನೀರು ಪರದೆಯಂತೆ ಒಂದೇ ಸಮ ಇಳಿಯುತ್ತದೆ. ಒಂದಿಷ್ಟು ಜಿಡ್ಡು ಉಳಿದಿದ್ದರೂ ನೀರು ಒಡೆದು ಹನಿ ಹನಿಯಾಗಿ ನಿಲ್ಲುತ್ತದೆ. ಅವತ್ತಿನಿಂದ ಇವತ್ತಿನವರೆಗೆ ಬೆಳಕಿಗೆ ಹಿಡಿದು ನೋಡದ ಒಂದೇ ಒಂದು ಪಾತ್ರೆಯನ್ನು ಅವಳು ಕಪಾಟಿನಲ್ಲಿಟ್ಟವಳಲ್ಲ.

ಅಂಥವಳಿಗೆ ಹೈಜೀನ್ ಪಾಠ.

ನೊರೆ ಸಾಯತೊಡಗಿದ್ದು ಸೋಮವಾರ. ಆಯುಧಪೂಜೆ, ವಿಜಯದಶಮಿ, ಅದರ ಹಿಂದೆ ವಾರದ ಕೊನೆ, ಎಲ್ಲ ಸೇರಿ ನಾಲ್ಕು ದಿನ ಮುಚ್ಚಿದ್ದ ಲ್ಯಾಬು ಅವತ್ತು ತೆರೆದಿತ್ತು. ತಾಮ್ರದ ಗಣಿಯವರ ಅದಿರು ಹಾಕಿ ಗಾಳಿ ಬಿಟ್ಟರೆ, ಅರ್ಧ ನಿಮಿಷ ಚೆನ್ನಾಗಿಯೇ ಎದ್ದ ನೊರೆ ಚಟಚಟನೆ ಒಡೆದು ಬಿದ್ದುಹೋಯಿತು. ಕೆಳಗಿನ ಕೆಸರು ಮೇಲೆ ಬಂತು. ನೂರಕ್ಕೆ ತೊಂಬತ್ತು ಪಾಲು ಸಿಗಬೇಕಾದ ತಾಮ್ರ ಐವತ್ತು ದಾಟಲಿಲ್ಲ. ಮಂಗಳವಾರವೂ ಅದೇ ಗತಿ. ತೊಳೆದ ತೊಟ್ಟಿ ಸರಿಯಾಗಿಯೇ ಇರುತ್ತಿತ್ತು, ಟೆಸ್ಟ್ ಮುಗಿದ ಮೇಲೆ ನೋಡಿದರೆ ಜಿಡ್ಡು. "ಮೇಲಿಂದ ಏನೋ ಇಳೀತಿದೆ ಸರ್, ಗಾಳಿ ಕೊಳವೆ ಬಿಚ್ಚಿ ನೋಡೋಣ," ಎಂದು ಅವಳೇ ಹೇಳಿದಳು. ಹಬ್ಬಕ್ಕೆ ಮುಂಚೆಯೇ ಸರ್ವೀಸ್ ಆಗಿದೆ, ಬಿಚ್ಚುವುದೇನೂ ಬೇಡ ಎಂದ ನಿತೀಶ್. ಬುಧವಾರ ಅವಳನ್ನು ಮೆಷಿನ್ ಬಿಡಿಸಿ ಬಾಟಲಿಗಳಿಗೆ ಚೀಟಿ ಅಂಟಿಸಲು ಕೂರಿಸಿದ. ಜೂನಿಯರ್ ಕೆಮಿಸ್ಟ್ ಜಗನ್ ಗ್ಲೌಸು, ತಲೆಗೆ ಟೋಪಿ ಹಾಕಿಕೊಂಡು ಮೂರು ಟೆಸ್ಟ್ ಮಾಡಿದ. ಮೂರರಲ್ಲೂ ನೊರೆ ಸತ್ತಿತು.

"ಜಗನ್ ಮಾಡಿದ್ದೂ ಹೋಯ್ತಲ್ಲ ಸರ್, ಅವನ ತಲೆಯಲ್ಲಿ ಎಣ್ಣೆ ಇತ್ತಾ?" ಎಂದು ಈಗ ಕೇಳಿದಳು.

"ನಿಮ್ಮದು ಮೊದಲೇ ಸೇರಿತ್ತಲ್ಲ ಯಶೋದಮ್ಮ, ಅದು ಅಷ್ಟು ಬೇಗ ಹೋಗಲ್ಲ. ನೋಡಿ, ಸೈನ್ ಮಾಡಿದ್ರೆ ಕೆಲಸಕ್ಕೇನೂ ತೊಂದ್ರೆ ಇಲ್ಲ. ನಿಮ್ಮನ್ನ ಸ್ಯಾಂಪಲ್ ಗೋಡೌನಿಗೆ ಹಾಕ್ತೀನಿ. ಮಾಡ್ಲಿಲ್ಲ ಅಂದ್ರೆ ಈ ಕ್ಲೈಂಟ್ ಹೋಗ್ತಾರೆ. ಆಮೇಲೆ ನಾನು ಯಾರನ್ನೂ ಇಟ್ಕೊಳೋಕಾಗಲ್ಲ."

"ಒಂದ್ಸಲ ಕೊಳವೆ ಬಿಚ್ಚೋಕೆ ಬಿಡಿ. ಹತ್ತು ನಿಮಿಷದ ಕೆಲಸ."

"ಬೇಡ. ನೀವು ಇನ್ಮೇಲೆ ಮೆಷಿನ್ ಮುಟ್ಟಬೇಡಿ."

ಮುಟ್ಟಬೇಡಿ. ಅವಳ ಅವ್ವ ಊರೊಳಗಿನ ಬಾವಿಕಟ್ಟೆಯ ಹತ್ತಿರ ಕೇಳಿದ್ದ ಮಾತು ಅದು. ತಾನು ಕೇಳಬೇಕಾಗಿ ಬರುವುದಿಲ್ಲ ಅಂದುಕೊಂಡಿದ್ದಳು. ಅವನು ಅದನ್ನು ಯೋಚಿಸಿ ಹೇಳಿದನೋ, ಹಾಗೇ ಬಾಯಿಗೆ ಬಂತೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದೆ ಆಡುವ ಮಾತೇನು ಕಡಿಮೆ ಉರಿಯುತ್ತದೆಯೇ?

"ಇವತ್ತು ಹಾಕಲ್ಲ. ನಾಳೆ ಹೇಳ್ತೀನಿ," ಎಂದು ಎದ್ದಳು. ಪೆನ್ನಿಗೆ ಕ್ಯಾಪು ಹಾಕಿ ಅಲ್ಲೇ ಇಟ್ಟಳು.

ಸಂಜೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಮಗಳು ತೇಜಶ್ರೀಗೆ ಫೋನ್ ಮಾಡಿ, ಅನ್ನಕ್ಕಿಡು, ಬರೋದು ಸ್ವಲ್ಪ ತಡ ಆಗುತ್ತೆ ಎಂದು ಹೇಳಿ ಮೆಟ್ರೊ ಹತ್ತಿದಳು. ಬಾಗಿಲ ಬಳಿ ಕಂಬ ಹಿಡಿದು ನಿಂತವಳಿಗೆ ತನ್ನ ಕೈಯೇ ಕಣ್ಣಿಗೆ ಬೀಳುತ್ತಿತ್ತು. ಸೋಡಾ ಪುಡಿ, ಸ್ಪಿರಿಟ್ಟಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬಿಳಿಚಿ ಬಿರಿದಿದ್ದವು. ಆಧಾರ್ ಕಾರ್ಡಿಗೆ ಹೋದಾಗ ಬೆರಳಚ್ಚು ಬೀಳದೆ ಅಲ್ಲಿದ್ದ ಹುಡುಗಿ ನಾಲ್ಕು ಸಲ ಒತ್ತಿಸಿದ್ದಳು. ಇಂಥ ಕೈಯಲ್ಲಿ ಎಣ್ಣೆ ಇದೆಯಂತೆ. ಎಂ.ಜಿ. ರೋಡಿನಲ್ಲಿ ಇಳಿದು ಶಿವಾಜಿನಗರಕ್ಕೆ ಆಟೋ ಹಿಡಿಯುವವರೆಗೂ ಒಳಗೊಳಗೇ ಬೈಯುತ್ತಲೇ ಇದ್ದಳು.

ಖಾದರ್ ಸಾಬರ ಮನೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿ. ಮಂಡಿ ನೋವಿನಿಂದ ಮೆಟ್ಟಿಲಿಳಿಯುವುದನ್ನು ಬಿಟ್ಟಿದ್ದ ಅವರು ಕಿಟಕಿಯ ಪಕ್ಕದ ದಿವಾನದ ಮೇಲೆ ಕೂತಿದ್ದರು. "ಆವೊ ಆವೊ ಯಶೋದಮ್ಮ, ಏನು ಮುಖ ಇಷ್ಟು ಕೆಂಪಗೆ," ಎಂದವರೇ ಒಳಗೆ ಚಾಯ್ ಹೇಳಿದರು.

ಅವಳು ಎಲ್ಲ ಹೇಳಿದಳು. ಸಾಬರು ಸಮಾಧಾನದ ಮಾತು ಆಡಲಿಲ್ಲ. ಅವರು ಕೇಳಿದ್ದು ನೊರೆಯ ವಿಚಾರ.

"ಹೆಂಗೆ ಸಾಯುತ್ತೆ? ಬರೋದೇ ಇಲ್ವಾ, ಬಂದು ಬೀಳ್ತದಾ?"

"ಅರ್ಧ ನಿಮಿಷ ಬರುತ್ತೆ. ಆಮೇಲೆ ಬೀಳುತ್ತೆ."

"ಮೇಲೆ ಬಣ್ಣ ಬಣ್ಣ ಕಾಣ್ತದಾ, ರೋಡಲ್ಲಿ ಪೆಟ್ರೋಲ್ ಚೆಲ್ಲಿದಂಗೆ?"

"ಕಾಣುತ್ತೆ."

"ಎಷ್ಟು ಟೆಸ್ಟ್ ಹೋಯ್ತು?"

"ಹನ್ನೊಂದು."

ಸಾಬರು ತಲೆ ಅಲ್ಲಾಡಿಸಿದರು. "ತಲೆ ಎಣ್ಣೆ ಒಂದು ಹನಿ ಬಿದ್ರೆ ಒಂದು ಟೆಸ್ಟ್ ಕೆಡುತ್ತೆ. ತೊಳೆದ್ರೆ ಹೋಯ್ತು. ಹನ್ನೊಂದು ಟೆಸ್ಟ್ ಕೆಡ್ಬೇಕು ಅಂದ್ರೆ ನೀನು ತಲೆ ಮೇಲೆ ಗಾಣ ಇಟ್ಕೊಂಡು ಹೋಗಿರ್ಬೇಕು." ಅವಳಿಗೆ ಆ ಸಿಟ್ಟಿನಲ್ಲೂ ನಗು ಬಂತು. "ಕೊಳವೆ ಒಳಗೆ ಎಣ್ಣೆ ಕೂತದೆ. ಒಳಗಿನ ಶಾಫ್ಟ್ ತಿರುಗಿ ಬಿಸಿ ಆದ್ಮೇಲೆ ನಿಧಾನಕ್ಕೆ ಇಳೀತದೆ. ಪೂಜೆ ದಿನ ಕವರ್ ಕಟ್ಟಿದ್ಯಲ್ಲ?"

ಇದು ಅವರಿಬ್ಬರ ಹಳೆಯ ಏರ್ಪಾಡು. ಆಯುಧಪೂಜೆ ಎಂದರೆ ಮೆಷಿನ್ನಿಗೆ ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಬಳಿದು, ಹೂವು ಮುಡಿಸದೆ ಯಾರಿಗೂ ಸಮಾಧಾನವಿಲ್ಲ. ಬೇಡ ಎನ್ನಲಾಗುವುದಿಲ್ಲ, ಮಾಡಿದರೆ ಟೆಸ್ಟ್ ಕೆಡುತ್ತದೆ. ಅದಕ್ಕೆ ಪ್ರತಿ ವರ್ಷ ಯಶೋದಮ್ಮ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ತೊಟ್ಟಿಗೆ, ಗಾಳಿ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ದಾರ ಸುತ್ತುತ್ತಿದ್ದಳು. ಪೂಜೆ ಮುಗಿಯುವವರೆಗೂ ಅಲ್ಲೇ ಕಾವಲು ನಿಂತು, ಕುಂಕುಮದ ತಟ್ಟೆ ಬಂದಾಗಲೆಲ್ಲ "ಮೋಟರಿನ ತಲೆಗೆ ಮಾತ್ರ" ಅನ್ನುತ್ತಿದ್ದಳು. ಅವಳ ಮನೆಯಲ್ಲಿ ಪೂಜೆ ಬಿಟ್ಟು ಹದಿನೈದು ವರ್ಷ, ಗೋಡೆಯ ಮೇಲಿರುವುದು ಬುದ್ಧ ಮತ್ತು ಬಾಬಾಸಾಹೇಬರು. ಲ್ಯಾಬಿನಲ್ಲಿ ಪೂಜೆಗೆ ನಿಲ್ಲುತ್ತಿದ್ದವರಲ್ಲಿ ಒಬ್ಬರು ಸಾಬರು, ಒಬ್ಬಳು ಬೌದ್ಧಳು. ಇಬ್ಬರೂ ನಿಲ್ಲುತ್ತಿದ್ದುದು ಮೆಷಿನ್ನಿಗಾಗಿ. ಮುಗಿದ ಮೇಲೆ ಕಡಲೆಪುರಿ ತಿನ್ನುತ್ತಿದ್ದರು.

"ನಾನು ಹೋಗಿರ್ಲಿಲ್ಲ," ಎಂದಳು.

"ಯಾಕೆ?"

"ಹಿಂದಿನ ದಿನ ನಿತೀಶ್ ಸರ್ ಕರೆದ್ರು. ಈ ಸಲ ಅಮ್ಮ ಬರ್ತಿದಾರೆ, ಅವರು ಹಳೇ ಕಾಲದವರು, ನಿಮಗೆ ಗೊತ್ತಲ್ಲ, ನೀವು ರಜ ತಗೊಳ್ಳಿ ಅಂದ್ರು."

ಸಾಬರು ಕಪ್ಪನ್ನು ಕೆಳಗಿಟ್ಟರು. ಯಾಕೆ ಎಂದು ಇನ್ನೊಮ್ಮೆ ಕೇಳಲಿಲ್ಲ.

"ಫೋಟೊ, ವಿಡಿಯೋ ಏನೂ ಬಂದಿಲ್ವಾ?"

ಬಂದಿತ್ತು. ಲ್ಯಾಬಿನ ವಾಟ್ಸಾಪ್ ಗ್ರೂಪಿಗೆ ಅವತ್ತೇ ಬಂದಿತ್ತು. ಹೊಟ್ಟೆ ಉರಿಯಿಂದ ಅವಳು ತೆರೆದು ನೋಡಿರಲಿಲ್ಲ. ಈಗ ತೆರೆದಳು. ಫೋನನ್ನು ಇಬ್ಬರ ನಡುವೆ ಹಿಡಿದಳು. ಯಜಮಾನರ ಹೆಂಡತಿ ಪಟಾಲಮ್ಮ ಆರತಿ ಎತ್ತುತ್ತಿದ್ದರು, ಮೆಷಿನ್ನಿನ ತುಂಬ ಚೆಂಡುಹೂವು. ಆಮೇಲೆ ಗರಿಗರಿ ಬಿಳಿ ಪಂಚೆಯಲ್ಲಿ ಮುನಿಆಂಜನಪ್ಪನವರು ಮುಂದೆ ಬಂದರು, ಕೈಯಲ್ಲಿ ಹಿತ್ತಾಳೆಯ ಗಿಂಡಿ. ಗಾಳಿ ಕೊಳವೆಯ ತೆರೆದ ಬಾಯಿಗೆ ಗಿಂಡಿ ಬಗ್ಗಿಸಿ ಎಣ್ಣೆ ಬಿಟ್ಟರು, ದಪ್ಪಗೆ, ನಿಧಾನವಾಗಿ. ನಿಲ್ಲಿಸಿ ಹಿಂದೆ ನೋಡಿದರು. ವಿಡಿಯೋ ಹಿಡಿದಿದ್ದವನ ದನಿ ಹತ್ತಿರದಿಂದ ಕೇಳಿತು.

"ಇನ್ನೊಂಚೂರು ಬಿಡಪ್ಪ, ಚೆನ್ನಾಗಿ ಬರ್ತಿದೆ."

ನಿತೀಶನ ದನಿ.

ಅವಳು ಅದನ್ನು ಮೂರು ಸಲ ಹಾಕಿ ಕೇಳಿದಳು. "ಇವನಿಗೆ ಗೊತ್ತಿತ್ತು," ಎಂದಳು. "ಎಣ್ಣೆ ಎಲ್ಲಿಂದ ಬಂತು ಅಂತ ಗೊತ್ತಿಟ್ಕೊಂಡೇ ನನ್ನ ಹೆಸರು ಬರ್ದಿದಾನೆ ಸಾಬ್ರೇ."

"ಗೊತ್ತಿದ್ದು ಬರೆದನೋ, ಯೋಚ್ನೆ ಮಾಡ್ದೆ ಬರೆದನೋ, ಅದನ್ನ ಅವನಿಗೇ ಕೇಳು." ಸಾಬರು ಕಷ್ಟಪಟ್ಟು ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಕಪಾಟಿನ ಕೆಳಗಿನ ಡಬ್ಬದಿಂದ ಒಂದು ಹಳೆಯ ಸ್ಪ್ಯಾನರು ತಂದು ಕೊಟ್ಟರು. "ಕೊಳವೆ ನಟ್ಟಿಗೆ ಇದೇ ಆಗೋದು. ಅಲ್ಲಿರೋದು ಜಾರ್ತದೆ. ಮೊದ್ಲು ಮೆಷಿನ್ ಸರಿ ಮಾಡು. ಮಾತು ಆಮೇಲೆ."

ಬೆಳಿಗ್ಗೆ ಯಶೋದಮ್ಮ ಕನ್ನಡಿ ಮುಂದೆ ಕೂತು ಕೊಬ್ಬರಿ ಎಣ್ಣೆಯ ಸೀಸೆಯನ್ನು ಅಂಗೈಗೆ ಬಗ್ಗಿಸಿಕೊಂಡಳು. ಒಂದು ಸಲ, ಎರಡು ಸಲ, ಮೂರನೆಯ ಸಲ. ಕಾಲೇಜಿಗೆ ಹೊರಟಿದ್ದ ತೇಜಶ್ರೀ ನಿಂತು ನೋಡಿದಳು.

"ಏನಮ್ಮ ಇದು, ಸೋರ್ತಿದೆ. ಕೆಲಸಕ್ಕೆ ಹೋಗುವಾಗ ನೀನು ಎಣ್ಣೆ ಹಚ್ಚೋದೇ ಇಲ್ವಲ್ಲ."

"ಇವತ್ತು ಬೇಕು," ಎಂದು ಯಶೋದಮ್ಮ ಬಿಗಿಯಾಗಿ ಜಡೆ ಹಾಕಿ ಗಂಟು ಕಟ್ಟಿದಳು.

ಏಳೂವರೆಗೆಲ್ಲ ಶೆಡ್ಡಿನಲ್ಲಿದ್ದಳು. ವಾಚ್‌ಮನ್ ಮಾನಪ್ಪ ಬೀಗ ತೆಗೆಯುತ್ತ "ಇಷ್ಟು ಬೇಗ?" ಎಂದ. ಕೆಲಸ ಇದೆ ಎಂದಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕೈಯನ್ನು ಮೊಣಕೈವರೆಗೆ ಸೋಡಾ ಹಾಕಿ ತಿಕ್ಕಿ, ಸ್ಪ್ಯಾನರು ಹಿಡಿದಳು. ಕೊಳವೆ ಬಿಚ್ಚಿ ಬಂತು. ಕಡ್ಡಿಗೆ ಬಿಳಿ ಫಿಲ್ಟರ್ ಕಾಗದ ಸುತ್ತಿ ಒಳಗೆ ತೂರಿಸಿ ತಿರುವಿ ತೆಗೆದರೆ, ಹಳದಿ ಜಿಡ್ಡು ಗಟ್ಟಿಯಾಗಿ ಅಂಟಿಕೊಂಡು ಬಂತು. ಅದರಲ್ಲಿ ಕುಂಕುಮದ ಕೆಂಪು ಇತ್ತು. ಮುದುಡಿದ ಒಂದು ಚೆಂಡುಹೂವಿನ ಎಸಳಿತ್ತು. ಅವಳು ಆ ಕಾಗದವನ್ನು ತಟ್ಟೆಯಲ್ಲಿಟ್ಟು ಪಕ್ಕಕ್ಕೆ ಇಟ್ಟಳು.

ಆಮೇಲೆ ತೊಳೆದಳು. ಬಿಸಿನೀರು, ಸೋಡಾ, ಮತ್ತೆ ಬಿಸಿನೀರು, ಸ್ಪಿರಿಟ್ಟು. ಒಂದು ಸಲ ಆದ ಮೇಲೆ ಹೊಸ ಕಾಗದ ತೂರಿಸಿದರೆ ಇನ್ನೂ ಹಳದಿ. ಎರಡನೆಯ ಸಲ ತೊಳೆದಳು. ಮೂರನೆಯ ಸಲಕ್ಕೆ ಕಾಗದ ಹೋದ ಹಾಗೇ ಬೆಳ್ಳಗೆ ಹೊರಗೆ ಬಂತು. ಶಾಫ್ಟು, ತೊಟ್ಟಿ, ಹಲಗೆ, ಎಲ್ಲ ಮುಗಿಸಿ ಕೊಳವೆ ಕೂರಿಸುವಷ್ಟರಲ್ಲಿ ಜಗನ್ ಬಂದ. ಅವಳನ್ನು ನೋಡಿದ, ತಟ್ಟೆಯಲ್ಲಿದ್ದ ಕಾಗದ ನೋಡಿದ, ಅದರಲ್ಲಿದ್ದ ಎಸಳು ನೋಡಿದ.

"ಒಂದು ಟೆಸ್ಟಿಗಾಗೋಷ್ಟು ಅದಿರು ತೂಕ ಮಾಡಿ ಅರೆದು ಕೊಡು ಜಗನ್."

"ಅಕ್ಕ, ಸರ್ ಏನಂತಾರೋ."

"ಅನ್ಲಿ. ನನಗೆ ಅನ್ಲಿ."

ಅವನು ಒಂದು ಕ್ಷಣ ನಿಂತು, ಬ್ಯಾಗನ್ನು ಕುರ್ಚಿಗೆ ತಗುಲಿಹಾಕಿ, ತಕ್ಕಡಿಯ ಕಡೆ ಹೋದ.

ಹತ್ತು ಗಂಟೆಗೆ ನಿತೀಶ್ ಗಣಿ ಕಂಪನಿಯ ಇಂಜಿನಿಯರನ್ನು ಕರೆದುಕೊಂಡು ಬಂದ. ದಿವ್ಯ ಎಂದು ಹೆಸರು, ಮೂವತ್ತರ ಆಸುಪಾಸು, ಧೂಳು ಹಿಡಿದ ಸೇಫ್ಟಿ ಶೂ. ಬಾಗಿಲಲ್ಲೇ ನಿತೀಶ್ ನಿಂತುಬಿಟ್ಟ. ಮೆಷಿನ್ನಿನ ಮುಂದೆ ಯಶೋದಮ್ಮ ನಿಂತಿದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಈಗ ಇರಲಿಲ್ಲ. ಕೈಗೆ ಗ್ಲೌಸಿರಲಿಲ್ಲ. ಕಿಟಕಿಯ ಬಿಸಿಲಿಗೆ ಅವಳ ತಲೆ ಮಿರಮಿರ ಮಿಂಚುತ್ತಿತ್ತು.

"ಮೆಷಿನ್ ಮುಟ್ಟಬೇಡಿ ಅಂದಿದ್ದೆ ನಿಮಗೆ."

"ಮುಟ್ಟಿದೀನಿ ಸರ್. ಮೇಡಂ, ಒಂದು ಎಂಟು ನಿಮಿಷ ನಿಂತ್ಕೊಳ್ಳಿ. ನಿಮ್ಮ ಅದಿರೇ ಹಾಕಿರೋದು. ನನ್ನ ಕೈ ಬರಿಗೈ, ತೊಳೆದಿದೀನಿ. ತಲೆಗೆ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಇದೆ. ನೋಡ್ಕೊಳ್ಳಿ."

"ಹೊರಗೆ ಹೋಗಿ ಯಶೋದಮ್ಮ," ಎಂದ ನಿತೀಶ್, ದನಿ ತಗ್ಗಿಸಿ.

"ಇರಲಿ ನಿತೀಶ್, ನೋಡೋಣ," ಎಂದಳು ದಿವ್ಯ. ಬ್ಯಾಗನ್ನು ಕೆಳಗಿಟ್ಟು ತೊಟ್ಟಿಯ ಹತ್ತಿರ ಬಂದಳು.

ಯಶೋದಮ್ಮ ಟೈಮರು ಒತ್ತಿ ಗಾಳಿ ತಿರುವಿದಳು. ತೊಟ್ಟಿಯ ನೀರು ಕುದಿಯುವಂತೆ ಕದಡಿ, ಗುಳ್ಳೆಗಳು ಎದ್ದು, ಒಂದರ ಮೇಲೊಂದು ಕೂತವು. ಹತ್ತು. ಹಲಗೆ ಎಳೆದಳು. ಇಪ್ಪತ್ತು. ಮೂವತ್ತು. ವಾರವೆಲ್ಲ ಸಾಯುತ್ತಿದ್ದುದು ಇಲ್ಲೇ. ನೊರೆ ಸಾಯಲಿಲ್ಲ. ಒತ್ತೊತ್ತಾಗಿ, ಬೂದು ಮೈಯಲ್ಲಿ ಹಿತ್ತಾಳೆಯ ಮಿಂಚು ಹೊತ್ತುಕೊಂಡು ತೊಟ್ಟಿಯ ಅಂಚಿನವರೆಗೆ ಏರಿ ಬಂತು. ನಲವತ್ತು. ಐವತ್ತು. ಹಲಗೆ ಎಳೆದಷ್ಟೂ ಹಿಂದಿನಿಂದ ತುಂಬಿಕೊಂಡಿತು. ಒಂದು ವಾರದ ಮೇಲೆ ಅವಳು ಸರಿಯಾಗಿ ಉಸಿರಾಡಿದಳು.

ದಿವ್ಯ ಬಗ್ಗಿ ನೋಡುತ್ತಿದ್ದಳು. "ಚೆನ್ನಾಗಿ ಬರ್ತಿದೆಯಲ್ಲ. ಮತ್ತೆ ವಾರವೆಲ್ಲ ಏನಾಗಿತ್ತು? ನಿನ್ನೆ ಮೇಲ್ ಕಳಿಸಿದ್ರಲ್ಲ ನಿತೀಶ್, ಪರ್ಸನಲ್ ಹೈಜೀನು, ತಲೆ ಎಣ್ಣೆ ಅಂತ."

ಹಲಗೆ ಹಿಡಿದ ಕೈ ಅರೆಕ್ಷಣ ತಡೆಯಿತು. ಸೈನು ಹಾಕುವುದಿಲ್ಲ ಎಂದು ಅವಳು ಎದ್ದು ಬಂದ ಮೇಲೂ ಕಳಿಸಿದ್ದಾನೆ. ಅವಳ ಸೈನಿಗೆ ಅಷ್ಟೂ ಬೆಲೆ ಇರಲಿಲ್ಲ.

"ಅದು ಡ್ರಾಫ್ಟು," ಎಂದ ನಿತೀಶ್.

"ಅದರಲ್ಲಿದ್ದ ಹೆಸರು ನನ್ನದೇ ಮೇಡಂ. ಯಶೋದಮ್ಮ ಅಂದ್ರೆ ನಾನೇ." ಎಣಿಕೆ ತಪ್ಪದ ಹಾಗೆ ಹಲಗೆ ಎಳೆದು, ಎಡಗೈಯಿಂದ ಪಕ್ಕದ ತಟ್ಟೆ ತೋರಿಸಿದಳು. "ಏನಾಗಿತ್ತು ಅಂದ್ರಲ್ಲ. ಇದಾಗಿತ್ತು. ಗಾಳಿ ಕೊಳವೆಯ ಒಳಗೆ ಸಿಕ್ಕಿದ್ದು."

ದಿವ್ಯ ಕಾಗದ ಎತ್ತಿಕೊಂಡು ಬೆಳಕಿಗೆ ಹಿಡಿದಳು, ಮೂಸಿ ನೋಡಿದಳು, ಉಗುರಿನಿಂದ ಎಸಳು ಬಿಡಿಸಿದಳು. "ಹೂವು?"

"ಸರ್ವೀಸ್‌ನವರು ಹಾಕಿದ ಗ್ರೀಸ್ ಇರ್ಬೇಕು. ನಾನು ಅವರಿಗೆ ಬರೀತೀನಿ," ಎಂದ ನಿತೀಶ್. ಆಹಾ, ಎಷ್ಟು ಸಲೀಸು. ಒಂದು ಹೆಸರು ನಡೆಯದಿದ್ದರೆ ಇನ್ನೊಂದು. ಅವಳ ಫೋನು ಸೀರೆಯ ಸೊಂಟದಲ್ಲಿತ್ತು, ವಿಡಿಯೋ ಅದರಲ್ಲಿತ್ತು. ತೆಗೆಯೋಣವೆಂದರೆ ಹಲಗೆ ಬಿಡುವಂತಿರಲಿಲ್ಲ, ಇನ್ನೂ ಐದು ನಿಮಿಷ ಬಾಕಿ.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಮುನಿಆಂಜನಪ್ಪನವರು ದಿನಾ ಹತ್ತು ಗಂಟೆಯ ಹೊತ್ತಿಗೆ ಶೆಡ್ಡು ಸುತ್ತಿ ಹೋಗುತ್ತಾರೆ, ಹೊಲ ನೋಡಿಬರುತ್ತಿದ್ದ ಕಾಲದ ಅಭ್ಯಾಸ. "ಏನಮ್ಮ ಯಶೋದ, ಎರಡು ದಿನದಿಂದ ಮಿಶನ್ ತಾವ ಕಾಣ್ಲೇ ಇಲ್ವಲ್ಲ," ಎನ್ನುತ್ತ ಒಳಗೆ ಬಂದವರು ದಿವ್ಯಳ ಕೈಯಲ್ಲಿದ್ದ ಕಾಗದ ನೋಡಿದರು. ಹತ್ತಿರ ಬಂದು ಮೂಸಿದರು. ಮುಖ ಅರಳಿತು.

"ನಮ್ಮ ಹರಳೆಣ್ಣೆ ಅಲ್ವಾ ಇದು. ನಾನೇ ಬಿಟ್ಟಿದ್ದು, ಪೂಜೆ ದಿನ. ಕಿರ್ ಕಿರ್ ಅಂತಿತ್ತು ಪಾಪ ಅದು. ಗಾಡಿ ಅಚ್ಚಿಗೆ ಬಿಡ್ತಿದ್ವಲ್ಲ, ಹಂಗೆ ಒಂದು ಗಿಂಡಿ ಬಿಟ್ಟೆ."

ಮೆಷಿನ್ನು ಒಂದೇ ಸಮ ಗುಂಯ್‌ಗುಡುತ್ತಿತ್ತು. ಮುದುಕ ಎಲ್ಲರ ಮುಖ ನೋಡಿದರು.

"ಬಿಡಬಾರದಿತ್ತಾ?"

"ಬಿಡಬಾರದು ಯಜಮಾನ್ರೇ," ಎಂದಳು ಯಶೋದಮ್ಮ. "ನೊರೆ ಸಾಯುತ್ತೆ. ವಾರವೆಲ್ಲ ಸತ್ತಿತ್ತು."

"ಅಯ್ಯೋ ಶಿವನೇ. ಅಪ್ಪಯ್ಯ ನೀನಾದ್ರೂ ಹೇಳ್ಬಾರ್ದಾ," ಎಂದು ಮಗನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ. ಮುದುಕ ಮತ್ತೆ ಇವಳ ಕಡೆ ತಿರುಗಿದರು, ದನಿಯಲ್ಲಿ ನಿಜವಾದ ಆಕ್ಷೇಪಣೆ ಇತ್ತು. "ನೀನು ತಾನೇ ಪ್ರತಿ ವರ್ಷ ಕೈ ಅಡ್ಡ ಹಿಡೀತಿದ್ದೋಳು, ತಲೆಗೆ ಮಾತ್ರ ತಲೆಗೆ ಮಾತ್ರ ಅಂತ. ಈ ಸಲ ಎಲ್ಲಿ ಹೋಗಿದ್ದೆ? ನಾನು ಕೇಳ್ದೆ. ನಿನಗೆ ಹುಷಾರಿಲ್ಲ ಅಂದ ಇವನು."

ಹತ್ತು ಸೆಕೆಂಡಾಗಿತ್ತು. ಯಶೋದಮ್ಮ ಹಲಗೆ ಎಳೆದಳು. ನೊರೆ ತಟ್ಟೆಗೆ ಮೆತ್ತಗೆ ಬಿತ್ತು.

"ಹುಷಾರಾಗೇ ಇದ್ದೆ ಯಜಮಾನ್ರೇ. ಮನೇಲೇ ಇದ್ದೆ. ಯಾಕೆ ಬರ್ಲಿಲ್ಲ ಅನ್ನೋದನ್ನ ನಿಮ್ಮ ಮಗನ್ನೇ ಕೇಳಿ. ಕನ್ನಡದಲ್ಲಿ ಹೇಳ್ತಾರೆ."

ಮುನಿಆಂಜನಪ್ಪನವರು ಮಗನ ಕಡೆ ತಿರುಗಿದರು. "ಹೇಳು," ಎಂದರು.

ನಿತೀಶ್ ಬಾಯಿ ತೆರೆದ. "ಅಪ್ಪ, ಅದು... ಅಮ್ಮನಿಗೆ..." ಎಂದು ಅಲ್ಲಿಗೇ ನಿಲ್ಲಿಸಿದ. ದಿವ್ಯ ಅವನನ್ನು ನೋಡಿದಳು, ಯಶೋದಮ್ಮನನ್ನು ನೋಡಿದಳು, ಆಮೇಲೆ ಕಾಗದವನ್ನು ತಟ್ಟೆಯಲ್ಲಿ ಮೊದಲಿದ್ದಂತೆ ಇಟ್ಟಳು. "ಹೊಸ ರಿಪೋರ್ಟು ಕಳಿಸಿ ನಿತೀಶ್. ಏನಾಯ್ತೋ ಅದನ್ನೇ ಬರೀರಿ. ಇವರ ಹೆಸರು ತೆಗೀರಿ. ಉಳಿದ ಟೆಸ್ಟ್‌ಗಳನ್ನ ಇವರೇ ಮಾಡ್ಲಿ," ಎಂದಳು. ಮುದುಕ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರು ಇನ್ನೂ ಮಗನ ಮುಖವನ್ನೇ ನೋಡುತ್ತ ನಿಂತಿದ್ದರು.

ಟೈಮರು ಕೂಗಿತು. ಯಶೋದಮ್ಮ ಗಾಳಿ ನಿಲ್ಲಿಸಿದಳು. ಜಗನ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಣಗಿಸುವ ಒಲೆಯ ಕಡೆ ಹೋದ. ಮೆಷಿನ್ನಿನ ಸದ್ದು ನಿಂತ ಮೇಲೆ ಶೆಡ್ಡಿನಲ್ಲಿ ಹೇಳಬೇಕಾಗಿದ್ದ ಆ ಒಂದು ಮಾತಿಗೆ ಬೇಕಾದಷ್ಟು ಜಾಗವಿತ್ತು. ನಿತೀಶ್ ಅದನ್ನು ಹೇಳಲಿಲ್ಲ.

ಅವಳು ತೊಳೆಯಲು ಶುರುಮಾಡಿದಳು. ಬಿಸಿನೀರು, ಸೋಡಾ, ಮತ್ತೆ ಬಿಸಿನೀರು. ರಸಾಯನ ಅಳೆಯುವ ಗಾಜಿನ ಲೋಟದೊಳಗೆ ಬರಿಗೈ ಇಳಿಸಿ ಸುತ್ತ ತಿಕ್ಕಿದಳು, ಕೊನೆಯ ನೀರು ಹಾಕಿ ಚೆಲ್ಲಿ, ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಅದರಾಚೆ ಅಪ್ಪ ಮಗ ಇಬ್ಬರೂ ನಿಂತಲ್ಲೇ ನಿಂತಿದ್ದರು. ನೀರು ಗಾಜಿನ ಮೇಲೆ ಎಲ್ಲೂ ಒಡೆಯದೆ, ಒಂದೇ ಪರದೆಯಾಗಿ ಕೆಳಗಿಳಿಯಿತು. ಅವಳು ಲೋಟವನ್ನು ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದಳು.